ಬ್ಯಾಟರಿ ತೊಟ್ಟಿಯ ಕಡಲಬಳ್ಳಿ

ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಹಾಗಿದ್ದ ಮೇಲೆ ಮೊದಲನೆಯದು ಹುಟ್ಟಿದ್ದು ಎಲ್ಲಿಂದ? ಮುನಿವೆಂಕಟಯ್ಯನ ತಲೆಯನ್ನು ಈ ಪ್ರಶ್ನೆ ಕೊರೆಯಲು ಶುರುವಾದದ್ದು ಹೆಂಡತಿ ಮುನಿಶಾಮಮ್ಮ ಇನ್ನೂ ಬದುಕಿದ್ದಾಗ.

ಯಶವಂತಪುರದ ಸ್ಟೇಷನ್ನಿಗೂ ಮತ್ತಿಕೆರೆಗೂ ನಡುವೆ ಅವನದೊಂದು ಹೂದೋಟವಿತ್ತು. ಸೇವಂತಿಗೆ, ಕನಕಾಂಬರ, ಸುಗಂಧರಾಜ. ಬದುವಿನ ಮೇಲೆ ನಾಲ್ಕಾರು ತೆಂಗು. ತಾತ ಮುತ್ತಾತಂದಿರ ಕಾಲದಿಂದ ಮಣ್ಣು ನಂಬಿ ಬಂದ ಮನೆತನ. ಯಾವುದು ಬೀಜದಿಂದ ಏಳುತ್ತದೆ, ಯಾವುದು ಕಡ್ಡಿ ನೆಟ್ಟರೆ ಚಿಗುರುತ್ತದೆ, ಯಾವುದು ಗೆಡ್ಡೆ ಒಡೆದು ಮರಿ ಹಾಕುತ್ತದೆ ಎಂಬುದನ್ನು ಅವನು ಯಾರಿಂದಲೂ ಕೇಳಿ ಕಲಿತವನಲ್ಲ. ಅಂಥವನನ್ನು ಅಂಗೈಯಗಲದ ಒಂದು ಕಲ್ಲಿಗೆ ಅಂಟಿಕೊಂಡು ಬಂದ ಹಸಿರು ಎಳೆಯೊಂದು ಮಂಕು ಹಿಡಿಸಿಬಿಟ್ಟಿತು.

ಅದು ಬಂದ ಬಗೆ ಹೀಗೆ. ಮುನಿಶಾಮಮ್ಮನಿಗೆ ರಾಮೇಶ್ವರದ ಸಮುದ್ರದಲ್ಲಿ ಒಂದು ಸಲ ಮುಳುಗಿ ಏಳಬೇಕೆಂಬ ಹರಕೆ. ಹರಕೆ ತೀರುವ ಮೊದಲೇ ಕಾಲು ಬಾತು, ಎದೆ ಸೋತು, ಕಿಟಕಿ ಪಕ್ಕದ ಮಂಚ ಹಿಡಿದಳು. ರೈಲು ಪ್ರಯಾಣ ಕೂಡದು ಎಂದರು ಡಾಕ್ಟರು. ಅದೇ ಬೀದಿಯ ಖಾದರ್ ಬಾಷಾ ರೈಲ್ವೆಯವನು. ಯಶವಂತಪುರದ ಯಾರ್ಡಿನಲ್ಲಿ ರೈಲು ಡಬ್ಬಿಗಳ ದೀಪ, ಬ್ಯಾಟರಿ ನೋಡಿಕೊಳ್ಳುವ ಕೆಲಸ. ಹೆಂಡತಿ ಫಖ್ರುನ್ನೀಸಾಳ ಹರಕೆಯೆಂದು ಅವನು ರೈಲ್ವೆ ಪಾಸಿನಲ್ಲಿ ಏರ್ವಾಡಿ ದರ್ಗಾಕ್ಕೆ ಹೊರಟಿದ್ದ. ಒಡಹುಟ್ಟಿದ ಗಂಡುದಿಕ್ಕಿಲ್ಲದ ಮುನಿಶಾಮಮ್ಮ ಅವನನ್ನೇ ತಮ್ಮನೆಂದು ಭಾವಿಸಿದ್ದಳು.

"ಅಲ್ಲಿಂದ ರಾಮೇಶ್ವರ ಅತ್ರಾನೇ ಅಂತಲ್ಲ ಬಾಷಾ. ಒಂದ್ ಚೊಂಬು ಸಮುದ್ರದ ನೀರು ತಂದ್ಕೊಡು. ತಲೆ ಮ್ಯಾಲಾದ್ರೂ ಚಿಮುಕಿಸ್ಕತೀನಿ" ಎಂದು ಕೇಳಿದಳು.

ಅವನು ತಂದದ್ದು ಚೊಂಬಲ್ಲ. ಬ್ಯಾಟರಿಗೆ ಆಸಿಡ್ ತುಂಬಿ ತರುವ ದೊಡ್ಡ ಗಾಜಿನ ಬುಂಡೆಯನ್ನು ತೊಳೆದು ತೊಳೆದು, ಅದರ ಕಂಠಮಟ್ಟ ನೀರು ಹೊತ್ತು ತಂದಿದ್ದ. ಜೊತೆಗೆ ಒಂದು ಡಬ್ಬದಲ್ಲಿ ಅದೇ ನೀರಿನಲ್ಲಿ ಮುಳುಗಿಸಿದ ನಾಲ್ಕೈದು ಕಲ್ಲು.

"ನೀನು ಸಮುದ್ರಕ್ಕೆ ಹೋಗೋಕಾಗಲ್ಲ ಅಂದ್ರು. ಅದಕ್ಕೇ ಸಮುದ್ರಾನೇ ಕರ್ಕೊಂಡ್ ಬಂದ್ಬಿಟ್ಟೆ ಅಕ್ಕಾ!"

ಮುನಿಶಾಮಮ್ಮ ನಕ್ಕಳು, ಅತ್ತಳು, ತಲೆಯ ಮೇಲೆ ಚಿಮುಕಿಸಿಕೊಂಡಳು. ನಾಲಿಗೆಗೂ ಒಂದು ಹನಿ ಹಾಕಿಕೊಂಡು ಮುಖ ಕಿವಿಚಿದಳು. "ಇದು ನನ್ನ ತೌರಿನ ಬಾಗಿನ" ಎಂದಳು. ಮಿಕ್ಕ ನೀರನ್ನು ಏನು ಮಾಡುವುದು? ತೀರ್ಥದ ನೀರು, ಕಾಲು ತುಳಿಯುವ ಕಡೆ ಚೆಲ್ಲುವಂತಿಲ್ಲ. ಉಪ್ಪುನೀರು, ತುಳಸಿಗೆ ಹಾಕುವಂತಿಲ್ಲ. ಕೊನೆಗೆ ಖಾದರ್ ಬಾಷಾ ಯಾರ್ಡಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಬ್ಯಾಟರಿಯ ಗಾಜಿನ ತೊಟ್ಟಿಯೊಂದನ್ನು ಕೇಳಿ ತಂದ. ಚೌಕದ ತೊಟ್ಟಿ, ದಪ್ಪ ಗಾಜು. ಅದನ್ನು ಬಾವಿಕಟ್ಟೆಯ ಬಳಿ ಬಹಳ ದಿನ ನೆನೆಹಾಕಿ, ತಿಕ್ಕಿ, ಮಂಚದ ಪಕ್ಕ ಕಿಟಕಿಯ ಕೆಳಗಿಟ್ಟು, ನೀರು ಕಲ್ಲು ಎರಡನ್ನೂ ಅದಕ್ಕೆ ಬಿಟ್ಟರು.

ಒಂದು ಕಲ್ಲಿನ ಮೇಲೆ ಆ ಎಳೆ ಇತ್ತು. ನೆಲದ ಮೇಲೆ ಒಂದೆಲಗ ಹರಿಯುವ ಹಾಗೆ ಒಂದು ಹಸಿರು ದಾರ. ದಾರದ ಕೆಳಗೆ ಕಲ್ಲನ್ನು ಕಚ್ಚಿದ ಬೇರು. ಮೇಲೆ ನಿಂತ ಪುಟ್ಟ ಕಡ್ಡಿಗಳ ಸುತ್ತ ಮೆಣಸಿನ ಕಾಳಿನ ಗಾತ್ರದ ಹಸಿರು ಮಣಿಗಳು, ಎಳೆ ದ್ರಾಕ್ಷಿಯ ಗೊಂಚಲಿನ ಹಾಗೆ. ತಿಂಗಳೊಪ್ಪತ್ತಿನಲ್ಲಿ ಅದು ಪಕ್ಕದ ಕಲ್ಲಿಗೆ ಕೈ ಚಾಚಿತು.

ಆಮೇಲೆ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. ತೊಟ್ಟಿಯ ನೀರು ಇಳಿದಿದ್ದನ್ನು ಕಂಡ ಮುನಿವೆಂಕಟಯ್ಯ, ಸಮುದ್ರದ ಗಿಡಕ್ಕೆ ಸಮುದ್ರದ ನೀರೇ ಬೇಕಲ್ಲ ಎಂದು ಕಲ್ಲುಪ್ಪು ಕರಗಿಸಿ ಸುರಿಯುತ್ತಿದ್ದ. ಮುನಿಶಾಮಮ್ಮ ಮಂಚದಿಂದಲೇ ಕೈ ಚಾಚಿ ಬೆರಳದ್ದಿ ನೆಕ್ಕಿ ನೋಡಿದಳು.

"ಅಯ್ಯೋ, ಉಪ್ಪಿನಕಾಯಿ ಆಕ್ತಿದ್ದೀಯಾ? ಸಾರು ಕುದ್ದು ಬತ್ತಿದ್ರೆ ಏನ್ ಆಕ್ತಾರೆ, ಉಪ್ಪಾ ನೀರಾ?"

"ನೀರು."

"ಮತ್ತೆ? ಆವಿಯಾಗಿ ಓಗೋದು ನೀರು. ಉಪ್ಪು ಅಲ್ಲೇ ಕೂತಿರ್ತದೆ. ಮಳೆನೀರು ಆಕು, ಸಾಕು."

ಅವಳೇ ಗಾಜಿನ ಹೊರಗೆ ಕುಂಕುಮದಿಂದ ಒಂದು ಬೊಟ್ಟಿಟ್ಟಳು. ಅಲ್ಲಿಯವರೆಗೆ ನೀರಿರಬೇಕು. ಒಂದಿಷ್ಟು ಉಪ್ಪುನೀರನ್ನು ತೆಗೆದು ಮಳೆನೀರು ತುಂಬಿಸಿದ ಮೇಲೆ ಬಳ್ಳಿ ಮತ್ತೆ ಹಸಿರಾಯಿತು. ಮನೆಯಲ್ಲಿದ್ದ ಮುನಿವೆಂಕಟಯ್ಯನ ಅಕ್ಕ ಮುನಿಕೃಷ್ಣಮ್ಮ ಗಂಡ ತೀರಿದ ಮೇಲೆ ತಮ್ಮನ ಮನೆ ಸೇರಿದವಳು, ಮಾತಿನಲ್ಲಿ ಮೆಣಸಿನಕಾಯಿ. ಅವಳು ಅಡುಗೆಮನೆಯಿಂದಲೇ ಅಂದಳು: "ಶಾಮಿ ಬೊಟ್ಟಿಟ್ಟ ಮ್ಯಾಲೆ ಮುಗೀತು. ಇನ್ ಆ ಸಮುದ್ರಾನೂ ಸಪ್ಪೆ. ಅವಳ ಸಾರು ತಿಂದು ತಿಂದು ನನ್ನ ನಾಲಿಗೆ ಸತ್ತೋಗದೆ."

ಬಳ್ಳಿ ಸುಧಾರಿಸಿದ್ದೇ ತಡ, ಮುನಿವೆಂಕಟಯ್ಯನ ಕೈ ಸುಮ್ಮನಿರಲಿಲ್ಲ. ಒಂದು ಕುಡಿ ಚಿವುಟಿ ಬೇರೆ ಕಲ್ಲಿನ ಸಂದಿಗೆ ಸಿಕ್ಕಿಸಿದ. ಅದು ಬೇರು ಬಿಟ್ಟಿತು. ಸಿಕ್ಕಿಸದೆ ತೇಲಿಹೋದ ಚೂರು ಮೂಲೆಯ ಗಾಜಿಗೆ ತಗುಲಿ ಅಲ್ಲೇ ಸಂಸಾರ ಹೂಡಿತು. ಕಲ್ಲಿನ ಜೊತೆ ಬಂದಿದ್ದ ಉಗುರಿನಷ್ಟು ಬಸವನಹುಳು ದಾರವನ್ನು ಕಡಿದರೆ, ಕಡಿದ ಎರಡೂ ತುದಿ ಮುಂದೆ ಸಾಗಿದವು. ಚಾಕುವಿನಿಂದ ನಡುವೆ ಕತ್ತರಿಸಿದಾಗ ಗಾಯದಲ್ಲಿ ಹಾಲಿನಂಥ ಒಂದು ತೊಟ್ಟು ಕಾಣಿಸಿ, ನೋಡನೋಡುತ್ತಿದ್ದಂತೆ ಬಿರಟೆ ಹಾಕಿದ ಹಾಗೆ ಮುಚ್ಚಿಕೊಂಡಿತು. ಒಂದು ಎಳೆಯನ್ನು ತಲೆಕೆಳಗು ಮಾಡಿ ಕಲ್ಲಿಗೆ ಕಟ್ಟಿದ. ಬೇರು ಇದ್ದ ಕಡೆ ಮಣಿ ಬಂತು, ಮಣಿ ಇದ್ದ ಕಡೆ ಬೇರು ಬಂತು. ಇಂಥ ಗಿಡವನ್ನು ಅವನ ವಂಶದಲ್ಲಿ ಯಾರೂ ಕಂಡಿರಲಿಲ್ಲ.

"ಕುಯ್ದು ಕುಯ್ದು ಅದರ ಜೀವ ತಿನ್ಬೇಡ. ಅದು ನನ್ನ ತೌರಿಂದು" ಎಂದು ಗದರುತ್ತಿದ್ದಳು ಮುನಿಶಾಮಮ್ಮ.

"ಅಲ್ಲ ಕಣೆ, ಕಡ್ಡಿಯಿಂದ ಕಡ್ಡಿ, ಸರಿ. ಮೊದಲ ಕಡ್ಡಿ ಯಾವ ತಾಯಿದು? ಬೀಜ ಬ್ಯಾಡ್ವಾ?"

"ದೇವರು ನೆಟ್ಟಿರ್ತಾನೆ ಬಿಡು."

"ದೇವರೂ ಬೀಜ ಇಲ್ದೆ ಬೆಳೆಯಲ್ಲ."

"ಅಂಗಾದ್ರೆ ನೋಡ್ತಾ ಇರು. ಯಾವತ್ತಾದ್ರೂ ಬಿಟ್ಟಾತು."

ಅವಳು ಬಹಳ ಕಾಲ ಉಳಿಯಲಿಲ್ಲ. ಕಾರ್ತಿಕ ಕಳೆದು ಚಳಿ ಬಿದ್ದಾಗ ಒಂದು ಬೆಳಿಗ್ಗೆ ಗಂಡನ ಕೈ ಹಿಡಿದು, ತೊಟ್ಟಿಯ ಕಡೆ ಕಣ್ಣು ಮಾಡಿ, "ನನ್ನ ಅರಕೆ ನೀನು ತೀರ್ಸು. ಇದನ್ನ ತಕ್ಕೊಂಡೋಗಿ ಅಲ್ಲೇ ಬಿಟ್ಟು, ನನ್ನೆಸ್ರಲ್ಲಿ ಒಂದು ಮುಳುಗು ಆಕು. ಜೀವ ಇರೋದನ್ನೇ ಬಿಡ್ಬೇಕು. ಕೊಳೆತದ್ದು ಬಿಡ್ಬೇಡ" ಎಂದಳು. ಅವನು ಆಗಲಿ ಎಂದ. ಅದೇ ದಿನ ಹೋದಳು.

ಆಗಲಿ ಎಂದದ್ದು ಸುಲಭವಾಗಿತ್ತು. ಆದರೆ ಸಾವಾದ ಮನೆಯವರು ವರ್ಷ ತುಂಬುವ ತನಕ ತೀರ್ಥಯಾತ್ರೆ ಮಾಡುವಂತಿಲ್ಲ. ಬೇರೆಯವರ ಕೈಲಿ ಕಳಿಸೋಣವೆಂದರೆ ಮಾತು ಕೊಟ್ಟವನು ತಾನು. ಹಾಗಾಗಿ ಒಂದು ವರ್ಷ ಆ ಬಳ್ಳಿಯ ಜೀವ ಹಿಡಿದು ಕೂರುವುದು ಮುನಿವೆಂಕಟಯ್ಯನ ಪಾಲಿಗೆ ಬಂತು.

ಉಸಿರು ಹೋದ ಜಾಗದಲ್ಲಿ ದೀಪ ಇಡುವುದು ಎಲ್ಲರ ಮನೆಯ ಪದ್ಧತಿ. ಮಂಚವಿದ್ದದ್ದು ಕಿಟಕಿಯ ಬಳಿ. ಅಲ್ಲಿ ಎಣ್ಣೆದೀಪ ಗಾಳಿಗೆ ಮತ್ತೆ ಮತ್ತೆ ಆರುತ್ತಿತ್ತು. ಆರಿದಾಗಲೆಲ್ಲ ಮುನಿವೆಂಕಟಯ್ಯ ಎದ್ದೋಡಿ ಬಂದು ಮತ್ತೆ ಹಚ್ಚುತ್ತಿದ್ದ. ಇದನ್ನು ನೋಡಲಾರದೆ ಖಾದರ್ ಬಾಷಾ ಒಂದು ವೈರು ಎಳೆದು, ತೊಟ್ಟಿಯ ನೇರ ಮೇಲೆ ಒಂದು ಬಲ್ಬು ತೂಗುಹಾಕಿದ.

ಮುನಿಕೃಷ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಎಣ್ಣೆಯಿಲ್ಲ, ಬತ್ತಿಯಿಲ್ಲ. ಈ ಕರೆಂಟಿನ ದೀಪ ಜೀವಕ್ಕೆ ದಾರಿ ತೋರ್ಸೀತಾ?"

"ಅಕ್ಕಯ್ಯಾ, ನಾನು ಹಾಕೋ ದೀಪ ರೈಲಿಗೇ ದಾರಿ ತೋರ್ಸುತ್ತೆ. ನಮ್ಮಕ್ಕನಿಗೆ ತೋರ್ಸಲ್ವಾ?"

ಬಲ್ಬು ಹಗಲು ರಾತ್ರಿ ಉರಿಯಿತು. ಕರೆಂಟು ಹೋದರೆ ಮುನಿವೆಂಕಟಯ್ಯ ಲಾಟೀನು ತಂದಿಡುತ್ತಿದ್ದ. ಆ ಬೆಳಕಿನಲ್ಲಿ ಬಳ್ಳಿ ಮೈದುಂಬಿ ಹಬ್ಬಿತು. ಕಲ್ಲುಗಳು ಮುಚ್ಚಿದವು, ಗಾಜಿನ ಮೂಲೆಗಳು ತುಂಬಿದವು. ಹಳೆಯ ಎಳೆ ಬಾಡಿದರೆ ಹೊಸದು ಅದರ ಮೇಲೆ ಹಾಯುತ್ತಿತ್ತು. ಎಲ್ಲವೂ ದಾರ ಹರಿದು, ತುಂಡು ಬೇರೂರಿ ಆದದ್ದೇ. ಹೂವಿಗಾಗಿ ಅವನು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದ. ಒಂದೂ ಸಿಗಲಿಲ್ಲ.

ವರ್ಷ ತುಂಬಿತು. ತಿಥಿಗೆ ದಾಸಯ್ಯ ಬಂದು, ಶಂಖ ಊದಿ, ಜಾಗಟೆ ಬಡಿದು, ಎಡೆ ಎತ್ತಿಸಿಕೊಂಡು ಹೋದ. ಮುನಿಕೃಷ್ಣಮ್ಮ ಬಲ್ಬಿನ ಕಡೆ ನೋಡಿದಳು. "ಇನ್ ಆರ್ಸಿಬಿಡು ವೆಂಕಟ. ದೀಪ ಇರೋಗಂಟ ಜೀವ ತಿರುತಿರುಗಿ ನೋಡ್ತಾ ಇರ್ತದಂತೆ. ಅವಳನ್ನ ಓಗೋಕೆ ಬಿಡು."

ಅವನು ಕೈಮುಗಿದು ಸ್ವಿಚ್ಚು ಆರಿಸಿದ. ಅಷ್ಟು ದಿನಕ್ಕೆ ಮೊದಲ ಬಾರಿ ಆ ಕೋಣೆ ಕತ್ತಲಾಯಿತು. ಸಮುದ್ರವನ್ನು ಪರ್ವದ ದಿನ ಬಿಟ್ಟು ಬೇರೆ ದಿನ ಮುಟ್ಟಬಾರದೆಂದು ಮುಂದಿನ ಅಮಾವಾಸ್ಯೆಗೆ ಪ್ರಯಾಣ ಗೊತ್ತು ಮಾಡಿದರು. ಖಾದರ್ ಬಾಷಾ ರಜೆ ಹಾಕಿದ. ಬಳ್ಳಿ ಒಯ್ಯಲು ಉಪ್ಪಿನಕಾಯಿಯ ಗಾಜಿನ ಜಾಡಿಯೊಂದು ತೊಳೆದು ಸಿದ್ಧವಾಯಿತು.

ಆಗ ಬಂತು ಕಂಟಕ. ಒಂದು ಸಂಜೆ ಮುನಿವೆಂಕಟಯ್ಯ ನೋಡುತ್ತಾನೆ, ಮಣಿಗಳ ಹಸಿರು ಒಂದೇ ಸಮನಾಗಿಲ್ಲ. ಬಲೆ ಹೆಣೆದ ಹಾಗೆ ಕಲೆಕಲೆ. ಮೈಮೇಲೆಲ್ಲ ಪುಟ್ಟ ಮುಳ್ಳಿನಂಥ ಮೊಳಕೆ. ರೋಗ ಬಿತ್ತು ಎಂದುಕೊಂಡ. ಸೇವಂತಿಗೆಯಾಗಿದ್ದರೆ ಬೂದಿ ಎರಚುತ್ತಿದ್ದ, ಬೇವಿನ ಕಷಾಯ ಸಿಂಪಡಿಸುತ್ತಿದ್ದ. ಇದಕ್ಕೇನು ಮದ್ದು? ದೇವರಿಗೆ ಕೈಮುಗಿದು ಮಲಗಿದ.

ಬೆಳಗಿನ ಮೊದಲ ಬೆಳಕು ಕಿಟಕಿಗೆ ತಾಗುವ ಹೊತ್ತಿಗೆ ಎದ್ದು ಬಂದು ಕುಕ್ಕರುಗಾಲಿನಲ್ಲಿ ಕೂತ. ಕಣ್ಣೆದುರಿಗೇ ಒಂದು ಮುಳ್ಳಿನ ತುದಿಯಿಂದ ಹಸಿರು ಹೊಗೆ ಎದ್ದಿತು. ಊದುಬತ್ತಿಯ ಹೊಗೆ ಎಷ್ಟು ತೆಳ್ಳಗೆ ಏಳುತ್ತದೋ ಅಷ್ಟು ತೆಳ್ಳಗೆ. ಪಕ್ಕದ ಮಣಿಯಿಂದ ಇನ್ನೊಂದು. ಆಮೇಲೆ ತೊಟ್ಟಿಯ ತುಂಬ. ಗಂಧ ತೇದ ನೀರಿನ ಹಾಗೆ ನೀರೆಲ್ಲ ಹಸಿರು ಬಗ್ಗಡವಾಯಿತು. ವಿಚಿತ್ರವೆಂದರೆ ಆ ಹಸಿರು ಸುಮ್ಮನೆ ಹರಡಲಿಲ್ಲ. ಕಿಟಕಿಯ ಕಡೆಯ ಗಾಜಿಗೆ, ದೇವರ ದರ್ಶನಕ್ಕೆ ಜನ ಮುಗಿಬಿದ್ದ ಹಾಗೆ, ಬಂದು ಒತ್ತಿಕೊಂಡಿತು. ಮುನಿವೆಂಕಟಯ್ಯ ಬಾಯಿ ತೆರೆದು ನೋಡುತ್ತ ಕೂತ. ಬಿಸಿಲು ಏರಿದಂತೆ ನೀರು ತಿಳಿಯಾಯಿತು. ಒಳಗೆ ಉಳಿದಿದ್ದು ಬಳ್ಳಿಯ ಆಕಾರ ಮಾತ್ರ. ಮಣಿ, ದಾರ, ಬೇರು ಎಲ್ಲ ಇದ್ದಲ್ಲೇ ಇದ್ದವು, ಬಣ್ಣವಿಲ್ಲ. ಹಾವು ಕಳಚಿದ ಪೊರೆಯಂತೆ ಬೆಳ್ಳಗೆ ಪಾರದರ್ಶಕವಾಗಿ ನಿಂತಿತ್ತು. ಬೆರಳು ತಾಕಿಸಿದರೆ ಲೋಳೆಯಾಗಿ ಕರಗಿತು.

"ಅಕ್ಕಯ್ಯಾ" ಎಂದ.

ಮುನಿಕೃಷ್ಣಮ್ಮ ಬಂದು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

"ದೀಪ ಆರ್ಸಿದ್ದೇ ತಪ್ಪಾಯ್ತು" ಎಂದ ಅವನು. "ಜೀವ ಇರೋದನ್ನ ಬಿಡು ಅಂದಿದ್ಳು."

ಬೆಳ್ಳಗಿನ ಸಿಪ್ಪೆಯಲ್ಲಿ ಕೈಗೆ ಸಿಕ್ಕಷ್ಟನ್ನು ಬಾಳೆಲೆಯಲ್ಲಿ ಸುತ್ತಿ, ದೇವರ ನಿರ್ಮಾಲ್ಯ ಹಾಕುವ ಹಾಗೆ, ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದ. ತೆಂಗಿಗೆ ಉಪ್ಪು ಒಗ್ಗುತ್ತದೆ. ಒಂದು ಚಿಟಿಕೆಯನ್ನು ಮಾತ್ರ ಸೀಸೆಯಲ್ಲಿ ಹಾಕಿಕೊಂಡು ಹೆಬ್ಬಾಳದ ದಾರಿ ಹಿಡಿದ. ಅಲ್ಲಿನ ಕೃಷಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ನಜೀರ್ ಸಾಹೇಬರು ಸೇವಂತಿಗೆ ಸಸಿಗಾಗಿ ತೋಟಕ್ಕೆ ಬಂದು ಹೋಗುತ್ತಿದ್ದವರು. ಯಾವ ರೋಗ ಎಂದು ತಿಳಿದರೆ ಸಾಕು ಎನಿಸಿತ್ತು ಅವನಿಗೆ.

ನಜೀರ್ ಸಾಹೇಬರು ಸೀಸೆಯನ್ನು ಬೆಳಕಿಗೆ ಹಿಡಿದರು. ನಡೆದದ್ದನ್ನು ಮೊದಲಿನಿಂದ ಹೇಳಿಸಿದರು. ಹಸಿರು ಹೊಗೆಯ ಮಾತು ಬಂದಾಗ ಕುರ್ಚಿಯಿಂದ ಎದ್ದೇ ನಿಂತರು.

"ಇದು ರೋಗ ಅಲ್ಲ ಮುನಿವೆಂಕಟಯ್ಯನವರೇ. ಇದು ಬಳ್ಳೀನೂ ಅಲ್ಲ, ಪಾಚಿ ಜಾತಿ. ನಿಮ್ಮ ಸೇವಂತಿಗೆ ಒಂದು ಎಲೇಲಿ ಲಕ್ಷಾಂತರ ಕೋಣೆ ಇರ್ತವೆ. ಇದು ಎಷ್ಟೇ ಉದ್ದ ಹರಿದ್ರೂ ಒಳಗೆ ಅಡ್ಡಗೋಡೆ ಇಲ್ಲ. ಒಂದೇ ಕೋಣೆ."

"ಗೋಡೆ ಇಲ್ದಿದ್ರೆ ಕುಯ್ದಾಗ ಎಲ್ಲಾ ಸೋರಿ ಓಗ್ಬೇಕಲ್ಲ ಸ್ವಾಮಿ?"

"ಅದಕ್ಕೇ ಕೂಡ್ಲೇ ಗಾಯ ಮುಚ್ಕೊಳ್ಳುತ್ತೆ. ತುಂಡಿನಿಂದ ಹಬ್ಬೋದು ಅದಕ್ಕೆ ಒಂದು ದಾರಿ. ಇನ್ನೊಂದು ನೀವು ನೋಡಿದ್ದು. ಒಳಗಿರೋ ಜೀವವೆಲ್ಲ ಕಣಕಣವಾಗಿ ಒಡೆದು ಈಚೆಗೆ ಬಂದ್ಬಿಡುತ್ತೆ. ಒಂದಿಷ್ಟು ಗಂಡು, ಒಂದಿಷ್ಟು ಹೆಣ್ಣು. ಬಾಲ ಆಡಿಸ್ಕೊಂಡು ಬೆಳಕಿನ ಕಡೆ ಈಜಿ, ನೀರಲ್ಲೇ ಜೊತೆಯಾಗ್ತವೆ. ತಾಯಿಗೆ ಸಿಪ್ಪೆ ಬಿಟ್ಟು ಏನೂ ಉಳಿಯಲ್ಲ."

"ಬಾಳೆ ಇದ್ದಂಗೆ. ಗೊನೆ ಬಿಟ್ರೆ ಮುಗೀತು."

"ಬಾಳೆಗಾದ್ರೂ ಬುಡದಲ್ಲಿ ಕಂದು ಉಳಿಯುತ್ತೆ. ಇದಕ್ಕೆ ಅದೂ ಇಲ್ಲ."

ಮುನಿವೆಂಕಟಯ್ಯ ಸೀಸೆಯನ್ನು ವಾಪಸು ತೆಗೆದುಕೊಂಡು ಅಲುಗಿಸಿ ನೋಡಿದ. "ಅಂಗಾದ್ರೆ ಅವು, ಆ ಕಣ, ಈಗ ಎಲ್ಲಿ ಅವೆ?"

"ಜೊತೆಯಾದ ಮೇಲೆ ಬೆಳಕು ಬೇಡ ಅವಕ್ಕೆ. ಕೆಳಗಿಳಿದು ಕಲ್ಲಿನ ನೆರಳು ಹುಡುಕ್ತವೆ ಅಂತ ಓದಿದ್ದೀನಿ. ಸಮುದ್ರದಲ್ಲಿ ಆದ್ರೆ ಅಲೆ ಹೊತ್ಕೊಂಡು ಹೋಗಿ ಎಲ್ಲೋ ಅಂಟಿಸುತ್ತೆ. ತೊಟ್ಟೀಲಿ ಏನಾಗುತ್ತೋ ನನಗೆ ಗೊತ್ತಿಲ್ಲ." ಅವರು ತಟಕ್ಕನೆ ತಿರುಗಿದರು. "ಆ ನೀರು ಚೆಲ್ಲಿಬಿಟ್ರಾ?"

"ರಾಮೇಶ್ವರದ ನೀರು. ಎಲ್ಲಿ ಚೆಲ್ಲೋದು ಸ್ವಾಮಿ?"

ಹಾಗೆಂದವನಿಗೆ ಮರುಗಳಿಗೆಯೇ ನೆನಪಾಯಿತು. ಹೊರಡುವಾಗ ಅಕ್ಕ ಮೂಗು ಮುಚ್ಚಿಕೊಂಡು, ನಾತ ಹೊಡೆಯುತ್ತಿದೆ, ಏನಾದರೂ ಮಾಡು ಎಂದಿದ್ದಳು. ತಾನು ಉತ್ತರ ಕೊಡದೆ ಬಂದಿದ್ದ.

ನಜೀರ್ ಸಾಹೇಬರ ಸೈಕಲ್ಲಿನ ಹಿಂದೆ ಕೂತು ಮನೆ ಮುಟ್ಟಿದಾಗ ಅವನು ಹೆದರಿದ್ದೇ ನಡೆದಿತ್ತು, ಅರ್ಧ. ಮುನಿಕೃಷ್ಣಮ್ಮ ತೊಟ್ಟಿಯ ಮುಂದೆ ಕೂತು ಚೊಂಬಿನಲ್ಲಿ ನೀರು ಮೊಗೆಮೊಗೆದು ಬಕೆಟ್ಟಿಗೆ ತುಂಬುತ್ತಿದ್ದಳು.

"ಅಕ್ಕಯ್ಯಾ, ನಿಲ್ಸು! ಚೆಲ್ಬಿಟ್ಯಾ?"

"ಯಾಕೋ ಅಂಗ್ ಬಡ್ಕತೀಯ? ಎಲ್ಲಿ ಚೆಲ್ಲಾನ? ಯಾವ ತೆಂಗಿಗೆ ಆಕ್ಬೇಕು ಅಂತ ನಿನ್ನ ಕೇಳೋಣ ಅಂತ ಕಾಯ್ತಾ ಕೂತಿವ್ನಿ. ಕಾಲಡಿಗೆ ಆಕೋಕೆ ನಂಗೇನ್ ಬುದ್ಧಿ ಇಲ್ವಾ?"

ಬಕೆಟ್ಟಿನ ನೀರು ತೆಳು ಬಟ್ಟೆಯ ಮೂಲಕ ತೊಟ್ಟಿಗೆ ಹಿಂದಿರುಗಿತು. ನಜೀರ್ ಸಾಹೇಬರು ತೋಳು ಮಡಿಚಿ, ಉಳಿದ ಸಿಪ್ಪೆಯನ್ನೆಲ್ಲ ಆರಿಸಿ ತೆಗೆದರು. ಅದೇ ಕೊಳೆತು ನಾತ ಬರುತ್ತಿತ್ತಂತೆ. ಕಲ್ಲುಗಳನ್ನು ಮಾತ್ರ ಅಲುಗಿಸಲು ಬಿಡಲಿಲ್ಲ. ಕೈ ಒರೆಸಿಕೊಳ್ಳುವಾಗ ಮೇಲೆ ತೂಗುತ್ತಿದ್ದ ಬಲ್ಬು ಅವರ ಕಣ್ಣಿಗೆ ಬಿತ್ತು. ಅದು ಯಾಕೆ, ಯಾವಾಗ ಆರಿಸಿದಿರಿ ಎಂದು ಕೇಳಿ ತಿಳಿದುಕೊಂಡರು.

"ಒಂದು ವರ್ಷ ಇದಕ್ಕೆ ಕತ್ತಲೇ ಇರಲಿಲ್ಲ ಅನ್ನಿ" ಎಂದರು ನಿಧಾನವಾಗಿ. "ಬೆಳಗಿನ ಹೊತ್ತು ಬಿಡಬೇಕಾದ್ರೆ ರಾತ್ರಿ ಯಾವುದು ಅಂತ ಗೊತ್ತಾಗಬೇಕಲ್ಲ. ದೀಪ ಆರೋದಕ್ಕೇ ಕಾಯ್ತಿತ್ತೋ ಏನೋ. ಖಂಡಿತ ಅಂತ ನಾನು ಹೇಳಲಾರೆ."

"ನಾನು ಅವತ್ತೇ ಅಂದೆ" ಎಂದಳು ಮುನಿಕೃಷ್ಣಮ್ಮ, ಶಾಮಿಯ ಜೀವವನ್ನು ನೆನೆದು.

'ದೀಪ ಆರಿಸಿ ಕೊಂದೆ' ಎಂದುಕೊಂಡಿದ್ದ ಮುನಿವೆಂಕಟಯ್ಯನಿಗೆ ಈಗ ದೀಪ ಉರಿಸಿದ್ದೇ ಅಡ್ಡಿಯಾಗಿತ್ತೋ ಎಂಬ ಇನ್ನೊಂದು ಸಂಶಯ ಸೇರಿಕೊಂಡಿತು. ಎರಡರಲ್ಲಿ ಯಾವುದು ನಿಜವೆಂದು ಹೇಳಬೇಕಾದದ್ದು ಆ ಕಲ್ಲುಗಳೇ.

ಕಲ್ಲುಗಳು ಬಾಯಿ ಬಿಡಲಿಲ್ಲ. ಅಮಾವಾಸ್ಯೆ ಹತ್ತಿರ ಬಂತು. ಬರಿ ನೀರು ಹೊತ್ತುಕೊಂಡು ಹೋಗುವುದೇ, ಬಿಡುವುದೇ ಎಂದು ಅವನು ತೂಗಿ ನೋಡುತ್ತಿರುವಾಗ ದೊಡ್ಡ ಸುದ್ದಿ ಬಂತು. ಚಂಡಮಾರುತ ಎದ್ದು ಧನುಷ್ಕೋಡಿಯನ್ನು ಸಮುದ್ರ ನುಂಗಿದೆ, ಪಾಂಬನ್ ಸೇತುವೆ ಮುರಿದಿದೆ, ರೈಲಿನಲ್ಲಿದ್ದವರು ರೈಲಿನ ಸಮೇತ ಹೋದರು. ಖಾದರ್ ಬಾಷಾ ಯಾರ್ಡಿನಿಂದ ಬಂದವನು ಜಗಲಿಯ ಮೇಲೆ ಕೂತು ಇದಿಷ್ಟನ್ನೂ ಹೇಳಿದ. ಆ ಸಂಜೆ ಮುನಿವೆಂಕಟಯ್ಯ ದೇವರ ಮುಂದೆ, ಹೆಸರು ಗೊತ್ತಿಲ್ಲದ ಆ ಜೀವಗಳಿಗಾಗಿ ಒಂದು ದೀಪ ಹಚ್ಚಿದ. ತನ್ನ ಪ್ರಯಾಣದ ಮಾತನ್ನು ಎತ್ತಲೇ ಇಲ್ಲ.

ಸೇತುವೆ ಎದ್ದು ನಿಲ್ಲುವ ತನಕ ಕಾಯಬೇಕಾಯಿತು. ಅವನು ಮಳೆನೀರಿನ ಹಂಡೆಯಿಂದ ಕುಂಕುಮದ ಬೊಟ್ಟಿನವರೆಗೆ ನೀರು ತುಂಬಿಸುತ್ತ, ಬಗ್ಗಿ ನೋಡುತ್ತ ಕಾದ. ಸಂಕ್ರಾಂತಿಯ ಹೊತ್ತಿಗೆ ಕಲ್ಲುಗಳ ನೆರಳಿನ ಬದಿಯಲ್ಲಿ ಕೂದಲೆಳೆಯಂಥ ಹಸಿರು ಕಂಡಿತು. ಅವನು ಹಿಗ್ಗಲಿಲ್ಲ. ನಿಂತ ನೀರಿಗೆ ಹಸಿರು ಕಟ್ಟುವುದು ಯಾವ ತೊಟ್ಟಿಯಲ್ಲಿಲ್ಲ? ಬಾವಿಕಟ್ಟೆಯ ಬಾನಿಯಲ್ಲೂ ಕಟ್ಟುತ್ತದೆ. ಇದು ಆ ಹಾಳು ಪಾಚಿಯೋ, ಈ ಪಾಚಿಯೋ ಹೇಗೆ ತಿಳಿಯುವುದು?

ದಿನಾ ನೋಡಿದ. ಬಹುಪಾಲು ಕೂದಲು ಕೂದಲಾಗಿಯೇ ಉಳಿಯಿತು. ಬಸವನಹುಳು ಮೇಯ್ದುಕೊಂಡು ಹೋಯಿತು. ಆದರೆ ಅದರ ನಡುವೆ ಅಲ್ಲೊಂದು ಇಲ್ಲೊಂದು ಎಳೆ, ಕೊಂಚ ಬೆಳೆದ ಮೇಲೆ ಬಾಗಿತು. ಬಾಗಿ, ಕಲ್ಲಿನ ಮೇಲೆ ಮಲಗಿತು. ಮಲಗಿದ ಕಡೆ ಕೆಳಗೆ ಒಂದು ಬೇರು ಇಳಿಸಿತು. ಹಾಳು ಪಾಚಿ ನಿಲ್ಲುತ್ತದೆ, ತೇಲುತ್ತದೆ, ತೆವಳುವುದಿಲ್ಲ. ತೆವಳುವ ಬುದ್ಧಿ ಒಂದೇ ಮನೆತನದ್ದು. ಆದರೂ ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಮೊಳಕೆಗೆ ದೃಷ್ಟಿ ತಾಗಬಾರದೆಂಬುದು ತೋಟದವರ ನಂಬಿಕೆ.

ಹೇಳಿದವಳು ಮುನಿಕೃಷ್ಣಮ್ಮ. ಮಾಸಿದ ಕುಂಕುಮದ ಬೊಟ್ಟನ್ನು ತಿದ್ದಲು ಕೂತವಳು, "ಏಯ್ ವೆಂಕಟ, ಬಾ ಇಲ್ಲಿ. ಇದೇನೋ ಇದು, ಶಾಮಿ ಮೂಗುಬೊಟ್ಟಿನ ಕಲ್ಲಿದ್ದಂಗೆ?" ಎಂದಳು.

ಒಂದು ಎಳೆಯ ಮೇಲೆ ಒಂದು ಮಣಿ. ಸಾಸಿವೆಯಷ್ಟೂ ಇಲ್ಲ. ಹಸಿರು.

ನಜೀರ್ ಸಾಹೇಬರು ಬಂದು ಭೂತಗಾಜು ಹಿಡಿದು ಕೂತವರು ಏಳಲೇ ಇಲ್ಲ. ಮುನಿಕೃಷ್ಣಮ್ಮ ಕೊಟ್ಟ ಕಾಫಿ ಆರಿ ಹೋಯಿತು. "ನಾನು ಪುಸ್ತಕದಲ್ಲಿ ಕಂಡಿದ್ದೆ ಅಷ್ಟೇ" ಎಂದು ಮತ್ತೆ ಮತ್ತೆ ಅಂದರು. "ಒಂದ್ ಕಲ್ಲು ನನಗೆ ಕೊಡ್ತೀರಾ?"

"ಇದು ನನ್ನದಲ್ಲ ಸ್ವಾಮಿ. ಸಮುದ್ರಕ್ಕೆ ಮುಟ್ಟಿಸಿ ಬತ್ತೀನಿ. ಆಮ್ಯಾಲೆ ಮನೇಲಿ ಉಳಿದದ್ರಲ್ಲಿ ನಿಮಗಿಷ್ಟವಾದ್ದು ತಕ್ಕಳಿ."

ಬಿಸಿಲು ಬಲಿಯುವ ಹೊತ್ತಿಗೆ ಸೇತುವೆ ಸರಿಹೋಗಿ ರೈಲು ಬಿಟ್ಟರು. ಅಮಾವಾಸ್ಯೆ ನೋಡಿ ಇಬ್ಬರೂ ಹೊರಟರು. ಹೆಚ್ಚು ಮಣಿ ಕಟ್ಟಿದ್ದ ಕಲ್ಲುಗಳು ಜಾಡಿ ಸೇರಿದವು. ಒಂದೆರಡು ತೊಟ್ಟಿಯಲ್ಲೇ ಉಳಿದವು.

"ಅಕ್ಕಯ್ಯಾ, ನೀರು ಇಳಿದ್ರೆ ಮಳೆನೀರು ಆಕು. ಉಪ್ಪು ಆಕ್ಬೇಡ."

"ನಾನು ಸಾರು ಮಾಡ್ದವಳಲ್ವಾ? ಓಗು, ರೈಲು ತಪ್ಸ್ಕಂಡೀಯ. ಕತ್ತಲಾದ್ರೆ ಆ ಬಲ್ಬು ಆಕ್ಲಾ?"

ಅವನು ಬಾಗಿಲಲ್ಲಿ ನಿಂತು ಯೋಚಿಸಿದ. "ಬ್ಯಾಡ" ಎಂದ.

ಜಾಡಿ ಅವನ ತೊಡೆಯ ಮೇಲೆಯೇ ಪ್ರಯಾಣ ಮಾಡಿತು. ಸೇತುವೆಯ ಮೇಲೆ ರೈಲು ಆಮೆಯಂತೆ ತೆವಳಿತು. ಕೆಳಗೆ ಮುರಿದ ತೊಲೆಗಳು ನೀರಿನಿಂದ ತಲೆ ಹೊರಹಾಕಿದ್ದವು. ರಾಮೇಶ್ವರದಲ್ಲಿ ದಡದ ಉದ್ದಕ್ಕೂ ಒಡೆದ ದೋಣಿಗಳು ಬಿದ್ದಿದ್ದವು. ಅವುಗಳ ಪಕ್ಕದಲ್ಲೇ ಹೊಸ ದೋಣಿಗೆ ಹಲಗೆ ಜೋಡಿಸುತ್ತಿದ್ದರು.

ಮುನಿವೆಂಕಟಯ್ಯ ಸೊಂಟದುದ್ದದ ನೀರಿಗಿಳಿದು ಹೆಂಡತಿಯ ಹೆಸರು ಹೇಳಿ ಮುಳುಗಿದ. ಅಲ್ಲಿಂದ ಸ್ವಲ್ಪ ಆಚೆ ಬಂಡೆಗಳಿದ್ದ ಕಡೆಗೆ ಖಾದರ್ ಬಾಷಾ ಕರೆದೊಯ್ದ. ಮೊದಲು ಆ ಕಲ್ಲುಗಳನ್ನು ಬಾಷಾ ಎತ್ತಿಕೊಂಡಿದ್ದು ಅಲ್ಲೇ. ತಿಳಿನೀರಿನ ಕೆಳಗೆ ನೋಡಿದರೆ, ಅಷ್ಟು ದೊಡ್ಡ ಗಾಳಿ ಬಡಿದು ಹೋದ ಮೇಲೂ, ಬಂಡೆಯಿಂದ ಬಂಡೆಗೆ ಅದೇ ದಾರ, ಅದೇ ಮಣಿ, ಗೊಂಚಲು ಗೊಂಚಲು. ಮುನಿವೆಂಕಟಯ್ಯ ಜಾಡಿಯ ಕಲ್ಲುಗಳನ್ನು ಒಂದೊಂದಾಗಿ ತೆಗೆದು ಬಂಡೆಯ ಸಂದಿಯಲ್ಲಿ ಇಟ್ಟ. ಸಸಿ ನೆಟ್ಟವರ ಹಾಗೆ ಸುತ್ತ ಮರಳು ಒತ್ತಿದ. ಜಾಡಿಯ ನೀರನ್ನೂ ಅಲ್ಲೇ ಬಗ್ಗಿಸಿದ. ಖಾದರ್ ಬಾಷಾ ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಅಂಗೈ ಮೇಲೆ ಮಾಡಿ ಹಿಡಿದು, ತನ್ನ ಅಕ್ಕನಿಗಾಗಿ ದುವಾ ಓದಿಕೊಂಡ.

ಒಂದು ಅಲೆ ಬಂದು ಹೋಯಿತು. ನೀರು ತಿಳಿಯಾದಾಗ ತಮ್ಮ ಕಲ್ಲು ಯಾವುದು, ಸಮುದ್ರದ ಕಲ್ಲು ಯಾವುದು ಎಂದು ಹುಡುಕಿದರೆ ಗೊತ್ತಾಗಲಿಲ್ಲ.

"ಗುರುತು ಸಿಗ್ತಾ ಇದೆಯಾ ಅಣ್ಣಾ?" ಎಂದ ಖಾದರ್ ಬಾಷಾ.

ಮುನಿವೆಂಕಟಯ್ಯ ಇಲ್ಲವೆಂದು ತಲೆಯಾಡಿಸಿದ. ಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಇಟ್ಟುಕೊಂಡ. ಮುಖ ಕಿವಿಚಿದ. ಮತ್ತೊಂದು ಸಲ ಇಟ್ಟುಕೊಂಡು ನೋಡಿದ.

"ನಮ್ದು ಇಷ್ಟು ಉಪ್ಪಿರಲಿಲ್ಲ ಬಾಷಾ."

"ಹೌದಾ?"

"ಹೂಂ. ಬೊಟ್ಟು ಇಟ್ಟೋಳು ಅವಳಲ್ವಾ? ಒಂದು ಚೂರು ಮ್ಯಾಲೇ ಇಟ್ಟಿದ್ಳು. ಅವಳ ಕೈಯೇ ಅಂಗೆ. ಯಾವತ್ತೂ ಉಪ್ಪು ಒಂದು ಚೂರು ಕಮ್ಮಿ."